ಸನ್ಮಾನ್ಯ ಪ್ರೊಫೈಲ್ ಅವರನ್ನು ಬೀಳ್ಕೊಡುತ್ತಾ

ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲಿನ ಗಣ್ಯರೇ, ಉಪ್ಪಿಟ್ಟು ಬಂತೇ ಎಂದು ಬಾಗಿಲ ಕಡೆ ನೋಡುತ್ತಿರುವ ಬಡಾವಣೆಯ ಬಂಧುಗಳೇ,

ಇಂದಿನ ಸನ್ಮಾನಿತರಾದ ಶ್ರೀಮಾನ್ ಡಿವೈಸ್ ಮ್ಯಾನೇಜ್‌ಮೆಂಟ್ ಪ್ರೊಫೈಲ್ ಅವರ ಪರಿಚಯ ಯಾರಿಗೂ ಬೇಕಿಲ್ಲ ಎನ್ನುವುದು ವಾಡಿಕೆ. ಇವರ ವಿಷಯದಲ್ಲಿ ಬೇಕು. ನಮ್ಮ ಲ್ಯಾಪ್‌ಟಾಪಿನೊಳಗೆ ವರ್ಷಗಟ್ಟಲೆ ಬಿಡಾರ ಹೂಡಿದ್ದರೂ ಇವರ ಮುಖ ಕಂಡವರಿಲ್ಲ. ವಾಲ್‌ಪೇಪರ್ ಬದಲಿಸಲು ಹೋದಾಗ, ‘ಈ ಸೆಟ್ಟಿಂಗನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಒಂದು ಸಾಲಿನಲ್ಲಿ ದರ್ಶನ ಕೊಡುತ್ತಾರೆ, ಅಷ್ಟೇ. ಆ ಸಂಸ್ಥೆಗೆ ನೀವು ರಾಜೀನಾಮೆ ಕೊಟ್ಟು ಎಷ್ಟು ಕಾಲವಾಯಿತೋ!

ಆಪಲ್ ಮನೆತನದಲ್ಲಿ ಇವರು 2010ರಲ್ಲಿ ಐಒಎಸ್ 4ರೊಂದಿಗೆ ಫೋನಿಗೂ, ಮರುವರ್ಷ ಲಯನ್ ಆವೃತ್ತಿಯೊಂದಿಗೆ ಮ್ಯಾಕ್‌ಗೂ ಕಾಲಿಟ್ಟರು. ಕಚೇರಿಯ ಯಂತ್ರದಲ್ಲಿ ಇವರ ಸೇವೆ ಅಮೂಲ್ಯವೇ. ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ಮರೆತು ಇಳಿದರೆ ದೂರದಿಂದಲೇ ಬೀಗ ಜಡಿಯುವವರು, ಒಳಗಿರುವುದನ್ನೆಲ್ಲ ಒರೆಸಿಹಾಕುವವರು ಇವರೇ. ನಮ್ಮ ತಕರಾರು ಇಷ್ಟೇ: ಅದೇ ಅಧಿಕಾರ ಮಗಳ ಮದುವೆ ಫೋಟೊ ಇಟ್ಟುಕೊಂಡ ಮನೆಯ ಕಂಪ್ಯೂಟರಿನ ಮೇಲೂ ಏಕೆ?

ಇವರು ತಾವಾಗಿ ಬಂದವರಲ್ಲ ಎಂಬುದನ್ನೂ ಹೇಳಬೇಕು. 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾಯಿತಲ್ಲ, ಆಗ ವಿಂಡೋಸ್‌ನಲ್ಲಿ ಆಫೀಸಿನ ಖಾತೆಗೆ ಲಾಗಿನ್ ಆದೊಡನೆ ಒಂದು ಕಿಟಕಿ ತೆರೆಯುತ್ತಿತ್ತು. ‘ನನ್ನ ಯಂತ್ರವನ್ನು ನಿರ್ವಹಿಸಲು ಸಂಸ್ಥೆಗೆ ಅನುಮತಿಯಿದೆ’ ಎಂಬುದಕ್ಕೆ ಟಿಕ್ ಮೊದಲೇ ಬಿದ್ದಿರುತ್ತಿತ್ತು. ‘ಓಕೆ’ ಎಂಬ ಗುಂಡಿ ಎದ್ದು ಕಾಣುತ್ತಿತ್ತು. ‘ಬೇಡ, ಈ ಆ್ಯಪ್‌ಗೆ ಮಾತ್ರ’ ಎಂಬುದು ಬದಿಯಲ್ಲಿ ಸಣ್ಣಗೆ. ಮೀಟಿಂಗ್ ಶುರುವಾಗಿದೆ, ಮ್ಯಾನೇಜರ್ ಕಾಯುತ್ತಿದ್ದಾರೆ, ಓದುವ ವ್ಯವಧಾನ ಯಾರಿಗಿತ್ತು? ಒತ್ತಿದೆವು.

ಹೀಗೆ ಬಂದವರನ್ನು ಕಳಿಸುವುದು ಕಷ್ಟವಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’, ಅಲ್ಲಿ ಡಿಸ್‌ಕನೆಕ್ಟ್. ಮ್ಯಾಕ್‌ನ ಹೊಸ ಆವೃತ್ತಿಯಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಡಿವೈಸ್ ಮ್ಯಾನೇಜ್‌ಮೆಂಟ್. ಪ್ರೊಫೈಲ್ ಆರಿಸಿ ಮೈನಸ್ ಗುರುತು ಒತ್ತಿ. ಆದರೆ ಹಾರ ಹಾಕುವ ಅವಸರದಲ್ಲಿ ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಮರೆಯಬೇಡಿ. ಡಿಸ್ಕಿನ ರಿಕವರಿ ಕೀ ಹಳೇ ಕಚೇರಿಯ ಖಾತೆಯಲ್ಲೇ ಕೂತಿರಬಹುದು. ಮೊದಲು ಅದನ್ನು ಬರೆದಿಟ್ಟುಕೊಂಡು ಆಮೇಲೆ ಶಾಲು ಹೊದಿಸಿ.

ಇನ್ನು ಇವರ ಅಣ್ಣನವರದು ಬೇರೆಯದೇ ಜಾಯಮಾನ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಮ್ಯಾಕ್‌ಬುಕ್ ಕೊಂಡವರು ಇದನ್ನು ಗಮನವಿಟ್ಟು ಕೇಳಬೇಕು. ಫಾರ್ಮ್ಯಾಟ್ ಮಾಡಿರುತ್ತೀರಿ. ಭಾಷೆ, ದೇಶ, ವೈಫೈ ಎಲ್ಲ ಆರಿಸುತ್ತೀರಿ. ಅಷ್ಟರಲ್ಲಿ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬ ಪರದೆ, ಅದರಲ್ಲಿ ನೀವು ಕೇಳರಿಯದ ಯಾವುದೋ ಕಂಪನಿಯ ಹೆಸರು. ಮತ್ತೆ ಫಾರ್ಮ್ಯಾಟ್, ಮತ್ತೆ ಅದೇ ಹೆಸರು. ಡಿಸ್ಕ್ ಒರೆಸಿ ಪ್ರಯೋಜನವಿಲ್ಲ ಸ್ವಾಮಿ. ಯಂತ್ರದ ಸೀರಿಯಲ್ ನಂಬರ್ ಆಪಲ್‌ನ ಸಾಂಸ್ಥಿಕ ನೋಂದಣಿ ಪುಸ್ತಕದಲ್ಲಿ ಹಳೇ ಮಾಲೀಕರ ಲೆಕ್ಕಕ್ಕೆ ಸೇರಿರುತ್ತದೆ. ಸೆಟಪ್ ಆಗುವಾಗಲೆಲ್ಲ ಯಂತ್ರ ಆಪಲ್ ಸರ್ವರನ್ನು ವಿಚಾರಿಸುತ್ತದೆ. ಮನೆಗೆ ಸುಣ್ಣ ಹೊಡೆಸಿದರೆ ಖಾತೆ ಬದಲಾಗುತ್ತದೆಯೇ? ವಿಂಡೋಸ್‌ನ ಆಟೊಪೈಲಟ್ ಅವರದೂ ಇದೇ ಗೋತ್ರ.

ಚಿಲ್ಲರೆ ದುಡ್ಡಿಗೆ ಇವರನ್ನು ತೆಗೆದುಕೊಡುತ್ತೇವೆ ಎನ್ನುವ ಮಾಂತ್ರಿಕರಿದ್ದಾರೆ. ಸಾಮಾನ್ಯವಾಗಿ ಅವರು ಮಾಡುವುದು ಆಪಲ್ ಸರ್ವರಿಗೆ ಹೋಗುವ ದಾರಿಯನ್ನು ಅಡ್ಡಗಟ್ಟುವುದು, ಅಷ್ಟೇ. ನೋಂದಣಿ ಇದ್ದಲ್ಲೇ ಇರುತ್ತದೆ. ಮುಂದೆಂದೋ ಮತ್ತೆ ಫಾರ್ಮ್ಯಾಟ್ ಮಾಡಿದಾಗ ಸನ್ಮಾನಿತರು ಪುನಃ ವೇದಿಕೆ ಏರುತ್ತಾರೆ. ನಿಜವಾದ ಬಿಡುಗಡೆ ಹಳೇ ಮಾಲೀಕ ಸಂಸ್ಥೆಯ ಐಟಿ ವಿಭಾಗ ‘ರಿಲೀಸ್’ ಒತ್ತಿದಾಗಲೇ. ಅವರು ಫೋನ್ ಎತ್ತುತ್ತಾರೆಯೇ ಎಂದು ಕೇಳಬೇಡಿ. ಅದಕ್ಕೇ ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲು ಮ್ಯಾಕ್ ಪೂರ್ತಿ ಅಳಿಸಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ಸೆಟಪ್ ಕೊನೆಯವರೆಗೂ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ಮುಂದಿನ ಅಂಗಡಿ ಪಕ್ಕದಲ್ಲೇ ಇದೆ.

ಸಮಯದ ಅಭಾವ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ ಸಿದ್ಧವಿದೆ. ಸಂಘದ ಕಂಪ್ಯೂಟರಿನಲ್ಲಿ ಕಿಟಕಿ ತೆರೆದಿದೆ, ಸನ್ಮಾನಿತರನ್ನು ಆರಿಸಿದ್ದಾಗಿದೆ, ಮೈನಸ್ ಗುರುತನ್ನೂ ಒತ್ತಿದ್ದಾಗಿದೆ. ಈಗ ಅದೇನೋ ಕೇಳುತ್ತಿದೆ… ಕಾರ್ಯದರ್ಶಿಗಳೇ, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ?