ಕಚೇರಿಗೆ ಹೊರಡುವ ಮುನ್ನ

ಬೇಗೂರಿನಲ್ಲಿ ಮನೆ ಮಾಡಿಕೊಂಡು ಕರ್ನಾಟಕ ಸಂಗೀತದಲ್ಲಿ ಹೆಸರು ಮಾಡುವುದು ಏನೂ ಕಷ್ಟವಲ್ಲ. ಹೇಳಿದಷ್ಟು ಮಾಡಿ.

ಮೊದಲು ಊರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಅಲ್ಲಿ ಕ್ರಿ.ಶ. 890ರ ಸುಮಾರಿನ ಕಲ್ಲೊಂದಿದೆ. ಬೆಂಗಳೂರು ಎಂಬ ಹೆಸರಿರುವ ಹಳೆಯ ಶಾಸನ ಅದು. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಸುದ್ದಿ ಹೇಳುತ್ತದೆ. ಹಾಡಲೆಂದು ಪೇಟೆ ಕಡೆ ಹೊರಡುವವರು ಅದನ್ನೊಮ್ಮೆ ನೋಡಿರಬೇಕು.

ಕೆಲಸ ಬಿಡಬೇಡಿ. ಆಫೀಸಿಗೂ ಕಚೇರಿ, ಹಾಡಿಕೆಗೂ ಕಚೇರಿ ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿ ಗಳಿಸಿ, ಸಂಜೆಯ ಕಚೇರಿಯಲ್ಲಿ ಕಳೆಯಿರಿ.

ಸಾಧನೆಗೆ ಬೆಳಗಿನ ಐದೂವರೆ ಪ್ರಶಸ್ತ. ಅದೇ ಹೊತ್ತಿಗೆ ಅಪಾರ್ಟ್‌ಮೆಂಟಿನ ಸಂಪಿಗೆ ನೀರಿನ ಟ್ಯಾಂಕರ್ ಬರುತ್ತದೆ. ಅದರ ಪಂಪು ಹಿಡಿಯುವ ಸ್ವರ ಹೆಚ್ಚುಕಡಿಮೆ ಐದೂವರೆ ಮನೆ. ಅದಕ್ಕೇ ಷಡ್ಜ ಸೇರಿಸಿ. ನೀರು ಮುಗಿಯುತ್ತ ಬಂದಂತೆ ಸ್ವರ ಮೆಲ್ಲಗೆ ಮೇಲೇರುತ್ತದೆ, ಜೊತೆಗೆ ನೀವೂ ಏರಿ. ಕೆಳಮನೆಯವರು ಗ್ರೂಪಿನಲ್ಲಿ ಏನಾದರೂ ಬರೆದರೆ ಮಾಯಾಮಾಳವಗೌಳ ಬಿಟ್ಟು ಮೋಹನಕ್ಕೆ ಬನ್ನಿ. ಐದೇ ಸ್ವರ, ದೂರು ಕಡಿಮೆ.

ಜೂನಿಯರ್, ಸೀನಿಯರ್, ವಿದ್ವತ್ ಮೂರೂ ಪರೀಕ್ಷೆ ಕಟ್ಟಿ. ಆಕಾಶವಾಣಿಯಲ್ಲಿ ಬಿ ಗ್ರೇಡ್ ಸಿಕ್ಕರೆ ಕರಪತ್ರದಲ್ಲಿ 'ಆಕಾಶವಾಣಿ ಕಲಾವಿದರು' ಎಂದಷ್ಟೇ ಹಾಕಿಸಿ. ಅಕ್ಷರ ಕಡಿಮೆಯಾದಷ್ಟೂ ಘನತೆ ಜಾಸ್ತಿ. 1905ರ ಗಾಯನ ಸಮಾಜ, 1939ರಿಂದ ನಡೆದುಬಂದಿರುವ ಕೋಟೆ ಹೈಸ್ಕೂಲಿನ ರಾಮೋತ್ಸವ, ಪಿಟೀಲಿನಾಕಾರದ ಚೌಡಯ್ಯ ಭವನ, ಇಲ್ಲೆಲ್ಲ ಹಾಡುವ ಕನಸು ಕಾಣಿ. ಕನಸಿಗೆ ಬಾಡಿಗೆಯಿಲ್ಲ.

ಅಷ್ಟರೊಳಗೆ ಯಾವುದಾದರೂ ಸಭೆಯವರು ಫೋನು ಮಾಡುತ್ತಾರೆ. "ಸಂಭಾವನೆ ಅಂತ ಇಲ್ಲ, ಆದರೆ ಒಳ್ಳೆ ವೇದಿಕೆ" ಅಂದರೆ ತಕ್ಷಣ ಒಪ್ಪಿಕೊಳ್ಳಿ. ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಯೆಂದರೆ ಹುಷಾರಿಲ್ಲವೆಂದು ರಜೆ ಹಾಕಿ. ಪಿಟೀಲು, ಮೃದಂಗದವರಿಗೆ ಮುಂಗಡ ನೀವೇ ಕಳಿಸಿ. ಅವರು ವೃತ್ತಿಯವರು, ಬಿಟ್ಟಿ ಬರುವುದಿಲ್ಲ. ವೃತ್ತಿಯವರು ನೀವಲ್ಲವೇ ಎಂದು ಯಾರೂ ಕೇಳುವುದಿಲ್ಲ, ನೀವೂ ಕೇಳಬೇಡಿ.

2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡುತ್ತಿದೆ. ಹತ್ತಬೇಡಿ. ಬೇಗ ತಲುಪಿದ ಕಲಾವಿದರ ಕೈಗೆ ಕುರ್ಚಿ ಜೋಡಿಸುವ ಕೆಲಸ ಬರುತ್ತದೆ. ಆಟೊ ಹಿಡಿದು ಬೊಮ್ಮನಹಳ್ಳಿ ಸಿಗ್ನಲಿನಲ್ಲಿ ನಿಲ್ಲಿ, ಹೊಗೆಯಲ್ಲೇ ಆಲಾಪನೆಯನ್ನು ಒಂದು ಸುತ್ತು ಮೆಲುಕು ಹಾಕಿ.

ವೇದಿಕೆಯ ಮೇಲೆ ಮುಂದಿನ ಸಾಲನ್ನು ಎಣಿಸಬೇಡಿ. ಅದರಲ್ಲಿ ನಾಲ್ವರು ಮೃದಂಗದವರ ಮನೆಯವರು. ತನಿ ಆವರ್ತನ ಶುರುವಾದೊಡನೆ ಉಳಿದವರು ಕಾಫಿಗೆ ಏಳುತ್ತಾರೆ. ಕಣ್ಣು ಮುಚ್ಚಿ ತಾಳ ಹಾಕಿ, ನೋಡುವವರಿಗೆ ತನ್ಮಯತೆಯಂತೆ ಕಾಣುತ್ತದೆ.

ಹೊದಿಸಿದ ಶಾಲನ್ನು ಮಡಿಕೆ ಬಿಚ್ಚದೆ ಬೀರುವಿನಲ್ಲಿಡಿ. ಅದೇ ಶಾಲು ಮುಂದಿನ ವಾರ ಪಿಟೀಲಿನವರಿಗೆ ಹೊದಿಸಲು ಬೇಕಾಗುತ್ತದೆ. ಸಭೆಯವರು ನಿಮಗೆ ಹೊದಿಸಿದ್ದೂ ಎಲ್ಲಿಂದಲೋ ಬಂದದ್ದೇ.

ಬುಧವಾರ ಹತ್ತು ಗಂಟೆಯ ಮೀಟಿಂಗಿಗೆ ಗಂಟಲು ಕಟ್ಟಿರುತ್ತದೆ. ಹೇಗೂ ನೆಗಡಿಯ ರಜೆ ಹಾಕಿದ್ದಿರಿ, ಮ್ಯಾನೇಜರ್ ನಂಬುತ್ತಾರೆ. ಮೈಕು ಮ್ಯೂಟ್ ಮಾಡಿ, ಮೇಜಿನ ಕೆಳಗೆ ಆದಿತಾಳ ಹಾಕುತ್ತಿರಿ.