ಸಿಂಹಾಯದ ಮುಂಬಾಗಿಲು

ಗಣಿತದ ಮೇಷ್ಟ್ರು ನಿವೃತ್ತರಾದರೆ ಮನೆಯಲ್ಲಿ ಅಳೆಯದೆ ಉಳಿಯುವ ವಸ್ತು ಒಂದೂ ಇರುವುದಿಲ್ಲ. ನಮ್ಮವರು ಹಾಲಿನ ಪಾತ್ರೆಯ ವ್ಯಾಸ, ಅಡಿಕೆ ಒಣಗಿಸುವ ಅಂಗಳದ ಕರ್ಣ ಎಲ್ಲ ಮುಗಿಸಿ, ಇನ್ನೇನು ಟೇಪು ಹಿಡಿದು ನನ್ನ ಕಡೆಗೇ ತಿರುಗಬೇಕು ಎನ್ನುವಾಗ ಸಾಗರದಲ್ಲಿ ಹೊಸ ಮನೆಯ ಕೆಲಸ ಶುರುವಾಯಿತು. ನಾನು ಬಚಾವಾದೆ. ಸಿಕ್ಕಿಬಿದ್ದದ್ದು ಮುಂಬಾಗಿಲು.

ಉಳಿದ ಬಾಗಿಲುಗಳೆಲ್ಲ ಪೇಟೆಯಿಂದ ಲಾರಿ ಹತ್ತಿ ಬಂದವು. ಕೋಣೆಗಳಿಗೆ ಪ್ಲೈವುಡ್ಡು, ಬಚ್ಚಲಿಗೆ ಪ್ಲಾಸ್ಟಿಕ್ಕು. ಮುಂಬಾಗಿಲು ಮಾತ್ರ ಗಟ್ಟಿ ಮರದ್ದೇ ಆಗಬೇಕು, ನಮ್ಮ ಅಂಗಳದಲ್ಲೇ ಆಗಬೇಕು, ಕೈಯಲ್ಲೇ ಆಗಬೇಕು, ಆ ಕೈಗಳ ಪೈಕಿ ಎರಡು ತಮ್ಮವೇ ಆಗಿರಬೇಕು ಎಂದು ಇವರ ಹಟ. ಗುರುವಾಗಿ ಸಿಕ್ಕಿದ ಆಚಾರ್ರು ಇವರ ಹಳೇ ವಿದ್ಯಾರ್ಥಿ. ಭಾಗಾಕಾರ ಬಾರದೆ ಇವರ ಬೆತ್ತದ ರುಚಿ ಕಂಡವರು. ಈಗ ಉಳಿ ಅವರ ಕೈಯಲ್ಲಿತ್ತು.

ಮೊದಲು ಮರ. ಪೇಟೆಯ ಮರದಂಗಡಿಯಲ್ಲಿರುವ ತೇಗವೆಲ್ಲ ದಾಂಡೇಲಿಯದೇ. ಘಾನಾದಿಂದ ಹಡಗಿನಲ್ಲಿ ಬಂದಿಳಿದ ದಿಮ್ಮಿಗೂ ಅಂಗಡಿಯ ಗೇಟು ದಾಟುವಷ್ಟರಲ್ಲಿ ದಾಂಡೇಲಿಯ ಪೌರತ್ವ ಸಿಕ್ಕಿರುತ್ತದೆ. ಆಚಾರ್ರು ಮಾತಿಗೆ ಕಿವಿಗೊಡದೆ ಒಂದೊಂದು ತುಂಡನ್ನೂ ಮಗುಚಿ ನೋಡಿದರು. ಅಂಚಿನ ಬಿಳಿ ಭಾಗ ಬೇಡ, ಕುಟ್ಟೆ ಹಿಡಿಯುವುದು ಅಲ್ಲೇ. ಒಳಗಿನ ಕೆಚ್ಚು ಬೇಕು. ಇವರಿಗೆ ಆಸಕ್ತಿ ಇದ್ದದ್ದು ಕೆಚ್ಚಿನಲ್ಲಲ್ಲ, ಲೆಕ್ಕದಲ್ಲಿ. ನಾಟಾ ಅಳೆಯುವುದು ಘನ ಅಡಿಯಲ್ಲಿ. ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ದಾರಂದಕ್ಕೆ ಬೇಕಾದದ್ದು 6 ಇಂಚು ಅಗಲ, 4 ಇಂಚು ದಪ್ಪದ ಮರ, ಒಟ್ಟು 24 ಅಡಿ. ಅಂಗಡಿಯವ ಕ್ಯಾಲ್ಕುಲೇಟರ್ ಹುಡುಕುವ ಮೊದಲೇ ಇವರು "ನಾಲ್ಕು ಘನ ಅಡಿ, ಶೇಷ ಸೊನ್ನೆ!" ಎಂದು ಕೂಗಿದರು. ಆ ಸಂಭ್ರಮದಲ್ಲಿ ಚೌಕಾಸಿ ಮಾಡುವುದನ್ನೇ ಮರೆತರು.

ಶೇಷ ಸೊನ್ನೆಯಾದರೆ ಸಂತೋಷಪಡಬಾರದು ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ಬಾಗಿಲಿಗೆ ಆಯ ನೋಡಬೇಕಲ್ಲ! ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಕಾಗೆ. ನಮ್ಮ ನಕ್ಷೆಯಲ್ಲಿದ್ದದ್ದು ಊರಿಗೆಲ್ಲ ಇರುವ ಏಳು ಅಡಿ, ಮೂರೂವರೆ ಅಡಿ ಬಾಗಿಲು. ಅಂದರೆ 84 ಇಂಚು, 42 ಇಂಚು. ಗುಣಿಸಿದರೆ 3528. ಎಂಟರಿಂದ ಭಾಗಿಸಿದರೆ 441, ಶೇಷ ಸೊನ್ನೆ. ಆಚಾರ್ರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಕಾಗೆ ಬಂತಲ್ಲ ಮೇಷ್ಟ್ರೆ" ಎಂದರು. ಆ ದನಿಯಲ್ಲಿ ಹಳೆಯ ಬೆತ್ತದ ಬಾಸುಂಡೆಗಳೆಲ್ಲ ತಣ್ಣಗಾದವು.

ಎರಡೂ ಕಡೆ ಒಂದೊಂದು ಇಂಚು ಇಳಿಸಿದರು. 83, 41. ಗುಣಿಸಿದರೆ 3403, ಶೇಷ ಮೂರು. ಸಿಂಹ! ಆದರೆ ಗಣಿತದವರಿಗೆ ಅಷ್ಟಕ್ಕೇ ಸುಮ್ಮನಿರಲು ಬರುತ್ತದೆಯೇ? ಇವರು ಹಲಗೆಯ ಮೇಲೇ ಸೀಮೆಸುಣ್ಣದಲ್ಲಿ ಪಾಠ ಶುರುಮಾಡಿದರು: ಒಳ್ಳೆಯ ಆಯಗಳೆಲ್ಲ ಬೆಸಸಂಖ್ಯೆಗಳೇ, ಬೆಸವನ್ನು ಬೆಸದಿಂದ ಗುಣಿಸಿದರೆ ಬರುವುದೂ ಬೆಸವೇ, ಎಂಟರಿಂದ ಭಾಗಿಸಿದಾಗ ಉಳಿಯುವುದೂ ಬೆಸವೇ, ಆದ್ದರಿಂದ ಉದ್ದ ಅಗಲ ಎರಡೂ ಬೆಸವಿದ್ದರೆ ಸಾಕು, ಭಾಗಾಕಾರವೇ ಬೇಡ. ಆಚಾರ್ರು ಪೂರ್ತಿ ಕೇಳಿಸಿಕೊಂಡರು. "ಇದನ್ನ ಆವತ್ತೇ ಹೇಳಿದ್ರೆ ನಾನು ಪೆಟ್ಟು ತಿನ್ನೋದು ತಪ್ತಿತ್ತಲ್ಲ ಮೇಷ್ಟ್ರೆ" ಎಂದರು. ಇವರು ಸೀಮೆಸುಣ್ಣ ಕೆಳಗಿಟ್ಟರು.

ಹಲಗೆಗಳು ಒಂದು ಮಳೆಗಾಲ, ಒಂದು ಬೇಸಿಗೆ ಕಂಡು ಒಣಗಿದ ಮೇಲೆ ಉಜ್ಜುವ ಕೆಲಸ. ಇವರು ಕೀಸುಳಿ ಹಿಡಿದು ಉಜ್ಜುವುದು, ಆಚಾರ್ರು ಅಂಗೈ ಆಡಿಸಿ "ಇನ್ನೊಂದ್ಸಲ" ಎನ್ನುವುದು. ಮೂಲೆಮಟ್ಟ ಇಟ್ಟು ಸಂದಿನಲ್ಲಿ ಬೆಳಕು ಕಂಡರೆ ಮತ್ತೆ "ಇನ್ನೊಂದ್ಸಲ". ಇಂಪೊಸಿಷನ್ ಕೊಟ್ಟವರೇ ಇಂಪೊಸಿಷನ್ ಬರೆಯುವುದನ್ನು ನೋಡುವ ಭಾಗ್ಯ ಎಷ್ಟು ಶಿಷ್ಯರಿಗೆ ಸಿಕ್ಕೀತು! ನನಗೆ ಇದರಿಂದ ಆದ ಲಾಭ, ಬಚ್ಚಲ ಒಲೆಗೆ ಬುಟ್ಟಿಗಟ್ಟಲೆ ಚಕ್ಕೆ. ತೇಗದ ಉರಿಯಲ್ಲಿ ಕಾದ ನೀರಿನಲ್ಲಿ ಮಿಂದವರು ನಮ್ಮ ಬಳಗದಲ್ಲಿ ನಾನೊಬ್ಬಳೇ.

ಬಾಗಿಲೆಂದರೆ ನಾಲ್ಕು ಹಲಗೆ ಜೋಡಿಸಿ ಅಂಟು ಹಚ್ಚುವುದು ಎಂದುಕೊಂಡಿದ್ದೆ. ಹಾಗಲ್ಲ. ಸುತ್ತ ಒಂದು ಚೌಕಟ್ಟು, ಅದರ ಒಳಅಂಚಿಗೆ ಉದ್ದಕ್ಕೂ ಕೊರೆದ ಕಾಲುವೆ, ಆ ಕಾಲುವೆಯಲ್ಲಿ ಸುಮ್ಮನೆ ಕೂತ ಹಲಗೆ. ಇವರು ಫೆವಿಕಾಲ್ ಡಬ್ಬಿ ತೆಗೆದಾಗ ಆಚಾರ್ರು ಕೈ ಹಿಡಿದರು. ಚೌಕಟ್ಟಿನ ಮೂಲೆಗಳನ್ನು ಬಿದಿರಿನ ಮೊಳೆ ಹೊಡೆದು ಬಿಗಿ ಮಾಡಬಹುದು. ಹಲಗೆಗೆ ಮಾತ್ರ ಅಂಟು ಹಚ್ಚಕೂಡದು. ಮರ ಕಡಿದ ಮೇಲೂ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಕಟ್ಟಿಹಾಕಿದರೆ ಸೀಳುತ್ತದೆ. ಅದೂ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಐವತ್ತು ದಾಟಿದ ನಮ್ಮಂಥವರ ಹಾಗೆಯೇ.

ಕೆತ್ತನೆಗೆ ಬಂದವರು ಗುಡಿಗಾರರು. ಸಾಗರ, ಸೊರಬದ ಗುಡಿಗಾರರೆಂದರೆ ತಲೆಮಾರುಗಳಿಂದ ಗಂಧದ ಮರದಲ್ಲಿ ದೇವರನ್ನು ಬಿಡಿಸುವವರು, ಅವರ ಮಾತಿಗೆ ತೂಕವಿದೆ. ಗಜಲಕ್ಷ್ಮಿಯನ್ನು ದಾರಂದದ ಮೇಲಿನ ಪಟ್ಟಿಯಲ್ಲಿ, ನಡುಮಧ್ಯೆ ಕೂರಿಸೋಣ ಎಂದರು. ಹಳೆಯ ದೇವಸ್ಥಾನಗಳಲ್ಲಿ ಅವಳು ಲಲಾಟಬಿಂಬವಾಗಿ ಕೂರುವುದು ಅಲ್ಲೇ. ಇವರು ಒಪ್ಪಲಿಲ್ಲ. "ತಲೆ ಎತ್ತಿ ಯಾರು ನೋಡ್ತಾರೆ? ಬಂದವರ ಕಣ್ಣಿಗೆ ನೇರ ಬೀಳಬೇಕು. ಬಾಗಿಲ ಮೇಲೇ ಇರಲಿ." ಅಷ್ಟರಲ್ಲಿ ನಮ್ಮ ಚಿಕ್ಕತ್ತೆಯ ತಕರಾರು: "ಲಕ್ಷ್ಮಿ ಬೀದಿ ಕಡೆ ಮುಖ ಮಾಡಿದ್ರೆ ಹೊರಟು ಹೋಗ್ತಾಳೆ ಕಣೋ. ಒಳಗೆ ಮುಖ ಮಾಡ್ಸು." ಇವರು ಗಣಿತದ ಬಲದ ಮೇಲೆ ಇಬ್ಬರನ್ನೂ ಸೋಲಿಸಿದರು. ಹೊರಮೈಯಲ್ಲಿ, ನೆಲದಿಂದ ಐದಡಿ ಎತ್ತರದಲ್ಲಿ, ಎರಡು ಆನೆಗಳ ನಡುವೆ ಲಕ್ಷ್ಮಿ ಪ್ರತಿಷ್ಠಾಪಿತಳಾದಳು.

ಬೇಸಿಗೆಯಲ್ಲಿ ಬಾಗಿಲು ಕೂರಿಸಿದರು. ಆಚಾರ್ರು ಸುತ್ತಲೂ ರೂಪಾಯಿ ನಾಣ್ಯ ತೂರುವಷ್ಟು ಸಂದು ಬಿಡುತ್ತೇನೆಂದರೆ ಇವರಿಗೆ ಅದು ಅಂದಗೆಟ್ಟಂತೆ ಕಂಡಿತು, ಬಿಗಿ ಮಾಡಿಸಿದರು. ಜೂನ್ ಬಂತು. ಜೋಗದ ಪಕ್ಕದ ಊರಿನ ಮಳೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಬಾಗಿಲು ಉಬ್ಬಿ, ಹಾಕಲು ಇಬ್ಬರು, ತೆಗೆಯಲು ಮೂವರು ಬೇಕಾದರು. ಇವರು ಕೀಸುಳಿ ತಂದರೆ ಆಚಾರ್ರು ತಡೆದರು. ಮಳೆಗಾಲದಲ್ಲಿ ಕೀಸಿದ ಬಾಗಿಲು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಪಾಲಿಶ್ ಹಚ್ಚುವಾಗ ಮೇಲಂಚು, ಕೆಳಅಂಚು ಯಾರಿಗೂ ಕಾಣುವುದಿಲ್ಲವೆಂದು ಇವರು ಬಿಟ್ಟಿದ್ದರು. ಬಾಗಿಲು ನೀರು ಕುಡಿದದ್ದು ಅಲ್ಲಿಂದಲೇ. ಅದನ್ನೆಲ್ಲ ಬೇಸಿಗೆಗೆ ಸರಿಮಾಡಿಕೊಟ್ಟರೆನ್ನಿ. ಆದರೆ ಆ ಮಳೆಗಾಲವಿಡೀ ಇವರ ತಲೆ ತಿಂದ ಪ್ರಶ್ನೆ ಬೇರೆ: ಅಗಲ 41 ಇಂಚು ದಾಟಿದ ಮೇಲೆ ಬಾಗಿಲು ಸಿಂಹಾಯವಾಗಿಯೇ ಉಳಿದಿದೆಯೋ, ಶ್ವಾನದ ಕಡೆಗೆ ಜಾರಿದೆಯೋ?

ನನ್ನ ಪ್ರಶ್ನೆ ಇನ್ನೂ ಸಣ್ಣದು. ನಮ್ಮೂರಲ್ಲಿ ಹಗಲು ಹೊತ್ತು ಮುಂಬಾಗಿಲು ಹಾಕುವವರು ಯಾರು? ಹಾಕಿದರೆ ಅಕ್ಕಪಕ್ಕದವರು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ತೆಗೆದ ಬಾಗಿಲು ಪೂರಾ ಒಳಕ್ಕೆ ಮಗುಚಿ ಗೋಡೆಗೆ ಆನುತ್ತದೆ. ಆಗ ಹೊರಮೈ ಎಲ್ಲಿಗೆ ಬಂತು? ಹಜಾರಕ್ಕೆ. ಬಂದವರ ಕಣ್ಣಿಗೆ ನೇರ ಬೀಳಬೇಕಾದ ಲಕ್ಷ್ಮಿ ದಿನವಿಡೀ ನಮ್ಮ ಜೊತೆ ಟಿ.ವಿ. ನೋಡುತ್ತಾಳೆ. ಆನೆಗಳೆರಡೂ ಸೊಂಡಿಲೆತ್ತಿ ಧಾರಾವಾಹಿಗೆ ಅಭಿಷೇಕ ಮಾಡುತ್ತವೆ. ರಾತ್ರಿ ಬಾಗಿಲು ಹಾಕಿದ ಮೇಲೆ ಬೀದಿನಾಯಿಗಳಿಗೆ ದರ್ಶನ. ಗಣಿತದ ಮೇಷ್ಟ್ರಿಗೆ ಈ 180 ಡಿಗ್ರಿ ಹೊಳೆಯಲಿಲ್ಲ. ಚಿಕ್ಕತ್ತೆ ಮಾತ್ರ ಪರಮ ತೃಪ್ತೆ: "ನಾನು ಹೇಳಿದ ಹಾಗೇ ಒಳಗೇ ಮುಖ ಮಾಡ್ಸಿದ್ದೀಯಲ್ಲ, ಒಳ್ಳೇದಾಯ್ತು."

ಶನಿ ಶಿಂಗಣಾಪುರದಲ್ಲಿ ಮನೆಗಳಿಗೆ ಬಾಗಿಲೇ ಇಡದಿರುವುದು ಸಂಪ್ರದಾಯ ಎಂದು ಒಮ್ಮೆ ಹೇಳಿನೋಡಿದೆ. ಆ ದಿನವೆಲ್ಲ ನನ್ನೊಡನೆ ಮಾತಿಲ್ಲ.

ಈಗ ಯಾರೇ ಬಂದರೂ ಇವರು ಕೂರಲು ಬಿಡುವುದಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ, ಬಾಗಿಲೆಳೆದು, ಕೆತ್ತನೆ ತೋರಿಸುತ್ತಾರೆ. ಎಳೆದರೆ ತಾನಾಗಿ ಬೀಳುವ ಬೀಗ ಅದಕ್ಕೆ. ನಾನು ಒಳಗಿದ್ದರೆ ಸರಿ. ತೋಟದ ಕಡೆ ಹೋಗಿದ್ದರೆ ನೆಂಟರು ಆಯ, ಕೆಚ್ಚು, ಘನ ಅಡಿ ಎಲ್ಲ ಕೇಳಿಸಿಕೊಂಡು ಕೊನೆಗೆ ಹಿತ್ತಿಲಿನ ಪ್ಲಾಸ್ಟಿಕ್ ಬಾಗಿಲಿನಿಂದ ಒಳಗೆ ಬರಬೇಕು. ಆದ್ದರಿಂದ ನೀವು ಸಾಗರದ ಕಡೆ ಬಂದು ನಮ್ಮ ಮನೆ ಹುಡುಕಿದರೆ, ದಯವಿಟ್ಟು ಹಜಾರದಲ್ಲಿ ಕೂತ ತಕ್ಷಣ ಟಿ.ವಿ.ಯ ಎದುರು ಗೋಡೆಗೆ ಆನಿಸಿದ ಲಕ್ಷ್ಮಿಯನ್ನು ನೋಡಿ, "ಅಬ್ಬಾ, ಎಂಥಾ ಕೆತ್ತನೆ!" ಎಂದುಬಿಡಿ. ಕಾಫಿ ಆರುವ ಮೊದಲೇ ಕೈಗೆ ಸಿಗುತ್ತದೆ.