ಸದರಿ ರಾಯರು

ಡಿಸೆಂಬರ್ ಎರಡನೇ ವಾರ ಬಂತೆಂದರೆ ಮೈಸೂರಿನ ಕುವೆಂಪುನಗರದ ಬ್ಯಾಂಕು ಮ್ಯಾನೇಜರುಗಳು, ಎಲ್‌ಐಸಿ ಏಜೆಂಟರು, ಔಷಧಿ ಅಂಗಡಿಯವರು ಒಬ್ಬರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಕಾಲವೊಂದಿತ್ತು. ಆ ಒಬ್ಬರೇ ನಮ್ಮ ರಾಯರು, ನಿವೃತ್ತ ಶಿರಸ್ತೇದಾರರು. ಸಾಲ ಕೇಳುವ ಜನವಲ್ಲ, ಗಣಪತಿ ಚಂದಾ ಎತ್ತುವ ಜನವೂ ಅಲ್ಲ. ಅವರಿಗೆ ಬೇಕಿದ್ದದ್ದು ಹೊಸ ವರ್ಷದ ಡೈರಿ, ಅದೂ ಬಿಟ್ಟಿಯಾಗಿ. ಫಿಕ್ಸೆಡ್ ಡಿಪಾಸಿಟ್ಟಿನ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡೇ ಬ್ಯಾಂಕಿಗೆ ಹೋಗುತ್ತಿದ್ದರು. ಡೈರಿ ಮುಗಿದಿದೆ ಅಂದರೆ ರಸೀದಿ ಹೊರಗೆ ಬರುತ್ತಿತ್ತು. ರಸೀದಿ ಹೊರಗೆ ಬಂದರೆ ಡೈರಿಯೂ ಹೊರಗೆ ಬರುತ್ತಿತ್ತು.

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿಮ್ಮ ಬೀದಿಯಲ್ಲಿ ಇಲ್ಲವೆಂದರೆ ನಿಮ್ಮ ಮಾವನವರೇ ಇರಬಹುದು, ವಿಚಾರಿಸಿ ನೋಡಿ.

ಸಿಕ್ಕ ಡೈರಿಯೆಲ್ಲ ರಾಯರಿಗೆ ಆಗುತ್ತಿರಲಿಲ್ಲ. ದಿನಕ್ಕೊಂದು ಪುಟ ಇರಲೇಬೇಕು. ಶನಿವಾರ, ಭಾನುವಾರಗಳನ್ನು ಒಂದೇ ಪುಟದಲ್ಲಿ ಮೇಲೆ ಕೆಳಗೆ ತುರುಕಿದ್ದರೆ ಅದು ನೇರವಾಗಿ ಮೊಮ್ಮಗಳ ಚಿತ್ರ ಗೀಚುವ ಪುಸ್ತಕವಾಗುತ್ತಿತ್ತು. "ಸರ್ಕಾರಿ ನೌಕರ ಬದುಕೋದೇ ಭಾನುವಾರ ಕಣಯ್ಯ, ಅದಕ್ಕೆ ಅರ್ಧ ಪುಟವೇ?" ಎಂದು ನನ್ನನ್ನು ಕೇಳುತ್ತಿದ್ದರು, ನಾನೇ ಅಚ್ಚು ಹಾಕಿಸಿದವನ ಹಾಗೆ. ಇನ್ನು ಕಾಗದ. ಹೀರೋ ಪೆನ್ನಿನ ನೀಲಿ ಮಸಿ ಹಿಂದಿನ ಪುಟಕ್ಕೆ ಇಳಿಯಬಾರದು. ಇವತ್ತಿನ ಬಾಬ್ತು ನಿನ್ನೆಯ ಲೆಕ್ಕದಲ್ಲಿ ಕಾಣಿಸಿಕೊಂಡರೆ ಅದು ಅವರ ಪ್ರಕಾರ ದಾಖಲೆ ತಿದ್ದಿದ ಅಪರಾಧಕ್ಕೆ ಸಮ.

ಡೈರಿಯ ಮೊದಲ ಪುಟಗಳನ್ನು ನಾವು ನೀವು ತಿರುವಿ ಹಾಕುತ್ತೇವೆ. ರಾಯರು ತುಂಬುತ್ತಾರೆ. ರಕ್ತದ ಗುಂಪು, ಪಾದರಕ್ಷೆಯ ಅಳತೆ, ಪಾಲಿಸಿ ನಂಬರು, ಅಪಘಾತವಾದರೆ ತಿಳಿಸಬೇಕಾದವರು. ವಾಹನದ ನಂಬರು ಎಂಬ ಜಾಗದಲ್ಲಿ ವರ್ಷವರ್ಷವೂ 'ಸೈಕಲ್, ನಂಬರಿಲ್ಲ' ಎಂದು ಬರೆಯುತ್ತ ಬಂದವರು 1986ರಲ್ಲಿ ಲೂನಾ ಕೊಂಡಾಗ ಆ ಜಾಗದಲ್ಲಿ ನಂಬರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಇಡೀ ದಫ್ತರದಲ್ಲಿ ಅವರ ಸಂತೋಷಕ್ಕೆ ನನಗೆ ಸಿಕ್ಕ ಲಿಖಿತ ಪುರಾವೆ ಅದೊಂದೇ.

ದಫ್ತರ ಅಂದೆನಲ್ಲ, ಅದು ನಡುಮನೆಯ ಗಾಜಿನ ಬೀರುವಿನಲ್ಲಿದೆ. ಡೈರಿಗಳ ಬೆನ್ನು ಓದುತ್ತ ಹೋದರೆ ಕರ್ನಾಟಕದ ಬ್ಯಾಂಕುಗಳ ಸ್ಮಶಾನದಲ್ಲಿ ನಡೆದ ಹಾಗಾಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ದೊಡ್ಡ ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದ ಪಾಲಾಯಿತು. ಮರುವರ್ಷ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ನಿಗೆ. "ಬ್ಯಾಂಕುಗಳೇ ಹೋದವು, ಅವರು ಕೊಟ್ಟ ಪುಸ್ತಕದಲ್ಲಿ ನನ್ನ ಹಾಲಿನ ಲೆಕ್ಕ ಹಾಗೇ ಇದೆ ನೋಡಿ" ಎಂದು ರಾಯರು ಬಂದವರಿಗೆಲ್ಲ ಬೀರು ತೆಗೆದು ತೋರಿಸುತ್ತಾರೆ. ನಿಜವಾದ ಪೆಟ್ಟು ಬಿದ್ದದ್ದು 2020ರ ಸೆಪ್ಟೆಂಬರಿನಲ್ಲಿ. ಇಲಾಖೆಗಳು, ಸರ್ಕಾರಿ ಸ್ವಾಮ್ಯದ ಸಂಸ್ಥೆಗಳು, ಬ್ಯಾಂಕುಗಳು ಇನ್ನು ಮುಂದೆ ಡೈರಿ, ಕ್ಯಾಲೆಂಡರು ಅಚ್ಚು ಹಾಕಿಸಕೂಡದು, ಎಲ್ಲ ಡಿಜಿಟಲ್ ಆಗಲಿ ಎಂದು ಕೇಂದ್ರದ ಹಣಕಾಸು ಸಚಿವಾಲಯ ಆದೇಶ ಹೊರಡಿಸಿತು. ಕೊರೋನಾಕ್ಕೆ ಹೆದರದೆ ದಿನವೂ ತರಕಾರಿ ತಂದ ರಾಯರು ಆ ಸುದ್ದಿ ಓದಿ ಮಲಗಿಬಿಟ್ಟರು. ಕೊನೆಗೆ ಸಯ್ಯಾಜಿರಾವ್ ರಸ್ತೆಗೆ ಹೋಗಿ ದುಡ್ಡು ಕೊಟ್ಟೇ ತರಬೇಕಾಯಿತು. 2021ರ ಡೈರಿಯಲ್ಲಿ ಮೊಟ್ಟಮೊದಲ ನಮೂದು: 'ಈ ಡೈರಿಯ ಬಾಬ್ತು ರೂ. 280. ಅನಿವಾರ್ಯ.'

ಬರೆಯಲು ಶುರು ಮಾಡಿದ್ದು 1974ರಲ್ಲಿ, ಕಂದಾಯ ಇಲಾಖೆಗೆ ಎರಡನೇ ದರ್ಜೆ ಗುಮಾಸ್ತರಾಗಿ ಸೇರಿದ ವರ್ಷ. ಭೂಸುಧಾರಣೆಯ ಕಾಲ. ಗೇಣಿದಾರರ ಏಳನೇ ನಮೂನೆ ಅರ್ಜಿಗಳ ರಾಶಿಯಲ್ಲಿ ಹಗಲೆಲ್ಲ ಮುಳುಗಿ ಎದ್ದವರ ಕೈಗೆ ರಾತ್ರಿ ಬೇರೆ ಕನ್ನಡ ಹೇಗೆ ಬಂದೀತು? ಅಲ್ಲಿಂದ ಇಲ್ಲಿಯವರೆಗೆ ಅವರ ಖಾಸಗಿ ಬದುಕೆಲ್ಲ ತಾಲ್ಲೂಕು ಕಚೇರಿಯ ಕನ್ನಡದಲ್ಲೇ ನಡೆದಿದೆ. ಒಂದು ಯುಗಾದಿಯ ಪುಟ ಹೀಗಿದೆ: 'ಬೆಳಿಗ್ಗೆ 9.20ಕ್ಕೆ ಅಳಿಯಂದಿರು ಹಾಜರು. ಸದರಿಯವರು ಒಬ್ಬಟ್ಟು ನಾಲ್ಕು, ತುಪ್ಪ ಸಹಿತ. ಸದರಿಯವರಿಗೆ ಪಂಚೆ ಒಂದು ಜೊತೆ ಕೊಡಲಾಯಿತು. ಅಂಚಿನ ಬಗ್ಗೆ ಮಗಳಿಂದ ಮೌಖಿಕ ತಕರಾರು. ಷರಾ: ಮುಂದಿನ ಸಲ ಅಂಚು ತೋರಿಸಿ ಕೊಳ್ಳತಕ್ಕದ್ದು.' ಮೊದಲ ಮಗು ಹುಟ್ಟಿದ ದಿನವೂ ಹೀಗೇ. ಹೆಣ್ಣು, ತೂಕ, ನಕ್ಷತ್ರ, ಆಯಾಗೆ ಕೊಟ್ಟ ಎರಡು ರೂಪಾಯಿ. ಕೊನೆಗೆ 'ಉಭಯತರು ಕ್ಷೇಮ'. ಬೀದಿಯ ಹುಡುಗರು ಅವರಿಗೆ ಸದರಿ ರಾಯರು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ದೇಶದ ದೊಡ್ಡ ದಿನಗಳಲ್ಲಿ ಏನು ಬರೆದಿದ್ದಾರೆ ಎಂದು ಹುಡುಕುವುದು ನನಗೊಂದು ಚಟ. 1975ರ ಜೂನ್ 26: 'ಬೆಳಿಗ್ಗೆ ರೇಡಿಯೋದಲ್ಲಿ ತುರ್ತು ಪರಿಸ್ಥಿತಿ ಎಂದರು. ಕಚೇರಿಗೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದಿದ್ದರು, ಆಶ್ಚರ್ಯ.' 1978ರ ಜನವರಿ 16: 'ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು ರದ್ದು. ನಮಗೆ ಸಂಬಂಧಿಸಿದ್ದಲ್ಲ.' 1983ರ ಜೂನ್ 25: 'ಆರಿದ್ರಾ ಮಳೆ, ತುಂತುರು. ಮಧ್ಯರಾತ್ರಿ ಪಕ್ಕದ ಬೀದಿಯಲ್ಲಿ ಪಟಾಕಿ. ನಿದ್ರಾಭಂಗ. ಕಾರಣ ವಿಚಾರಿಸತಕ್ಕದ್ದು.' ಮಾರನೆಯ ದಿನ: 'ಕಾರಣ ಕ್ರಿಕೆಟ್.' ಕಪಿಲ್ ದೇವ್ ಎಂಬ ಹೆಸರು ಆ ಇಡೀ ವರ್ಷದಲ್ಲಿ ಎಲ್ಲೂ ಇಲ್ಲ. ಗ್ಯಾಸ್ ಸಿಲಿಂಡರ್ ತಂದುಕೊಡುತ್ತಿದ್ದವನ ಹೆಸರು ತಿಂಗಳು ತಿಂಗಳೂ ಇದೆ.

ಒಂದೇ ಒಂದು ಕಡೆ ರಾಯರು ಜಾರಿದ್ದಾರೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರ ಅಪಹರಣವಾಯಿತಲ್ಲ, 31ರ ಪುಟದ ಬಲಮೂಲೆಯಲ್ಲಿ ಪುಟ್ಟದಾಗಿ '1' ಎಂದಿದೆ. ಮಾರನೆಯ ದಿನ 2. ಹಾಲು, ತರಕಾರಿ, ಕರೆಂಟಿನ ಬಿಲ್ಲು ಎಲ್ಲ ಎಂದಿನಂತೆ ನಡೆದಿವೆ, ಮೂಲೆಯ ಅಂಕಿಯೂ ನಡೆದಿದೆ. ನವೆಂಬರ್ 15ಕ್ಕೆ 108. ಆ ದಿನದ ಖರ್ಚಿನಲ್ಲಿ ಮೈಸೂರು ಪಾಕು ಅರ್ಧ ಕೆ.ಜಿ. ಎಂದಿದೆ. ಷರಾ ಜಾಗ ಖಾಲಿ. ಈ ಅಂಕಿ ಏನು ಸಾರ್ ಎಂದು ಕೇಳಿದರೆ, "ಯಾವುದೋ ಕಚೇರಿ ಲೆಕ್ಕ ಇರಬೇಕು" ಎಂದು ಪುಟ ತಿರುವಿಬಿಟ್ಟರು.

ನಿವೃತ್ತರಾದ ಮೇಲೆ ಹೊಸದೊಂದು ವ್ರತ ಹಿಡಿದರು. ಬೆಳಿಗ್ಗೆ ಕಾಫಿಯ ಜೊತೆ ಹಿಂದಿನ ಎಲ್ಲ ವರ್ಷಗಳ ಅದೇ ತಾರೀಕನ್ನು ಓದುವುದು, ಆಮೇಲೆ ಪಾರ್ಕಿಗೆ ಹೋಗಿ ಸಂಬಂಧಪಟ್ಟವರಿಗೆ ತಿಳಿಸುವುದು. ನಿವೃತ್ತರು ಪಾರ್ಕಿಗೆ ಬರುವುದೇ ಹಳೆಯ ದಿನಗಳನ್ನು ಕೊಂಚ ಹಿಗ್ಗಿಸಿ ಹೇಳಿಕೊಳ್ಳುವುದಕ್ಕೆ, ಪಾಪ. ಒಬ್ಬರು ತಾವು ಎಂಬತ್ತೆರಡರಲ್ಲಿ ಎಂಟು ಸಾವಿರಕ್ಕೆ ಸೈಟು ಹೊಡೆದ ಕಥೆ ತೆಗೆದರೆ ರಾಯರು, "ಹನ್ನೊಂದು ಸಾವಿರದ ಇನ್ನೂರು. ಅದರಲ್ಲಿ ಐನೂರು ನನ್ನ ಹತ್ತಿರ ಕೈಗಡ. ಎಂಬತ್ತೈದರ ಮಾರ್ಚಿಗೆ ವಾಪಸು ಬಂತು" ಎನ್ನುತ್ತಾರೆ. ಇನ್ನೊಬ್ಬರು ಮೇಲಧಿಕಾರಿಯನ್ನು ಎದುರು ಹಾಕಿಕೊಂಡು ಗುಡುಗಿದ ದಿನವನ್ನು ಬಣ್ಣಿಸುತ್ತಿದ್ದರೆ, "ಆವತ್ತು ನೀವು ರಜೆಯಲ್ಲಿದ್ದಿರಿ. ಕಣ್ಣುಬೇನೆ." ಈಗ ರಾಯರು ಬಲಗಡೆ ಗೇಟಿನಿಂದ ಬಂದರೆ ಅರ್ಧ ಬೆಂಚು ಎಡಗಡೆ ಗೇಟಿನಿಂದ ಹೊರಟಿರುತ್ತದೆ.

ಉಳಿದವರಲ್ಲಿ ಇತಿಹಾಸದ ಮೇಷ್ಟರಾಗಿದ್ದ ಒಬ್ಬರಿದ್ದಾರೆ. ಅವರು ಒಂದು ದಿನ ಆನಂದರಂಗ ಪಿಳ್ಳೆಯ ಕಥೆ ಹೇಳಿಬಿಟ್ಟರು. ಪುದುಚೇರಿಯಲ್ಲಿ ಡೂಪ್ಲೆಯ ದುಬಾಷಿಯಾಗಿದ್ದ ಈತ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದ, ಆ ಕಾಲದ ದಕ್ಷಿಣ ಭಾರತದ ಬಗ್ಗೆ ಬರೆಯುವವರು ಇವತ್ತಿಗೂ ಅದನ್ನು ಬಗೆದು ನೋಡುತ್ತಾರೆ ಎಂದರು. ರಾಯರು ಬೆರಳು ಮಡಿಸಿ ಎಣಿಸಿದರು. "ಇಪ್ಪತ್ತೈದೇ ವರ್ಷವೇ?" ಎಂದು ಕೇಳಿದ ಅವರ ದನಿಯಲ್ಲಿ ಪಿಳ್ಳೆಯ ಮೇಲೆ ಕನಿಕರವಿತ್ತು.

ಆದರೆ ಡೈರಿಯ ನಿಜವಾದ ಪ್ರತಾಪ ನೋಡಬೇಕಾದರೆ ಮದುವೆ ಸೀಸನ್ನಿನಲ್ಲಿ ಅವರ ಮನೆಗೆ ಹೋಗಬೇಕು. ಮುಯ್ಯಿಯ ಲೆಕ್ಕ. ಯಾರು, ಯಾವ ಶುಭಕಾರ್ಯಕ್ಕೆ, ಎಷ್ಟು, ಕವರಿನಲ್ಲೋ ಬರಿಗೈಯಲ್ಲೋ, ಸ್ಟೀಲ್ ಪಾತ್ರೆಯಾದರೆ ಅದರ ಮೇಲೆ ಕೆತ್ತಿದ ಹೆಸರು ಅವರದೋ ಅಥವಾ ಅವರಿಗೆ ಕೊಟ್ಟವರದೋ, ಇಷ್ಟೂ ದಾಖಲು. ರಾಯರ ನಿಯಮ ಸರಳ: ಬಂದಷ್ಟು ಹೋಗಬೇಕು. ದೂರದ ಸಂಬಂಧಿಯೊಬ್ಬರು 1987ರಲ್ಲಿ ಇವರ ಗೃಹಪ್ರವೇಶಕ್ಕೆ ಹನ್ನೊಂದು ರೂಪಾಯಿ ಕೊಟ್ಟಿದ್ದರು. 2009ರಲ್ಲಿ ಅವರ ಮಗಳ ಮದುವೆಗೆ ರಾಯರು ಹನ್ನೊಂದು ರೂಪಾಯಿಯನ್ನೇ ಕವರಿಗೆ ಹಾಕಿ, ಹಿಂದೆ 'ಬಾಬ್ತು 1987' ಎಂದು ಪೆನ್ಸಿಲಿನಲ್ಲಿ ಬರೆದು ಹೊರಟರು. ಹೆಣ್ಣಿನ ತಂದೆ ಮಾರನೆಯ ವಾರ ಫೋನು ಮಾಡಿ, "ರಾಯರೇ, ಇಷ್ಟೆಲ್ಲ ಯಾಕೆ ಮಾಡೋಕೆ ಹೋದಿರಿ?" ಎಂದರು. ರಾಯರು ಬೀಗಿದರು. "ನಾನು ಯಾರ ಋಣವೂ ಇಟ್ಟುಕೊಳ್ಳೋನಲ್ಲ" ಎಂದರು. ಹನ್ನೊಂದಕ್ಕೆ ಇಷ್ಟು ಉಪಚಾರವೇ ಎಂಬ ಅನುಮಾನ ಮಾತ್ರ ಅವರಿಗೆ ಬರಲಿಲ್ಲ.

ಅದರ ಗುಟ್ಟು ಹೊರಬಿದ್ದದ್ದು 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದು ಟಿವಿಯಲ್ಲಿ ಪ್ರಧಾನಿ ಹೇಳುತ್ತಿದ್ದಂತೆ ರಾಯರು ಎದ್ದು ಪೂರ್ವನಿದರ್ಶನ ಹುಡುಕಿದರು. ಎಪ್ಪತ್ತೆಂಟರ ಡೈರಿ ತೆಗೆದು, 'ನಮಗೆ ಸಂಬಂಧಿಸಿದ್ದಲ್ಲ' ಎಂಬುದನ್ನು ಗಟ್ಟಿಯಾಗಿ ಓದಿ, ಪರ್ಸಿನಲ್ಲಿದ್ದ ಎರಡು ನೋಟುಗಳ ನಂಬರು ಬರೆದುಕೊಂಡು ನೆಮ್ಮದಿಯಾಗಿ ಊಟಕ್ಕೆ ಕೂತರು. ಮಜ್ಜಿಗೆ ಅನ್ನದ ಹೊತ್ತಿಗೆ ಹೆಂಡತಿ ಸಾಸಿವೆ ಡಬ್ಬಿ ತಂದು ಎಲೆಯ ಪಕ್ಕ ಇಟ್ಟರು. "ರೀ, ಇದನ್ನ ಏನು ಮಾಡೋದು?"

ಮೇಲೆ ಒಂದು ಹಿಡಿ ಸಾಸಿವೆ. ಅದರ ಕೆಳಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಳೆಯ ಹಾಳೆಯಲ್ಲಿ ಸುತ್ತಿದ್ದ ಐವತ್ತೆಂಟು ಸಾವಿರದ ಐನೂರು ರೂಪಾಯಿ.

ರಾಯರು ಕೈತೊಳೆದು ಬಂದು ಅಲ್ಲೇ ಮಹಜರು ನಡೆಸಿದರು. ಪಂಚರು ಸೊಸೆ ಮತ್ತು ಮೊಮ್ಮಗಳು. ಹೇಳಿಕೆಯನ್ನು ಸೊಸೆ ನನಗೆ ಯಥಾವತ್ತಾಗಿ ಒಪ್ಪಿಸಿದ್ದಾಳೆ.

"ಎಲ್ಲಿಂದ ಬಂತು?"

"ನೀವೇ ಕೊಟ್ಟಿದ್ದು. ಮನೆ ಖರ್ಚಿಗೆ ಅಂತ."

"ಅದೆಲ್ಲ ಖರ್ಚಾಗಿದೆ. ನನ್ನ ಡೈರಿಯಲ್ಲಿ ಪೈಸೆ ಪೈಸೆಗೂ ಲೆಕ್ಕ ಇದೆ."

"ನಿಮ್ಮ ಡೈರಿಯಲ್ಲಿ ಖರ್ಚಾಗಿತ್ತು. ನನ್ನ ಡಬ್ಬಿಯಲ್ಲಿ ಆಗಿರಲಿಲ್ಲ."

ಮುಂದೆ ಒಂದೊಂದಾಗಿ ಬಯಲಾಯಿತು. ಹನ್ನೊಂದು ರೂಪಾಯಿಯ ಕವರಿಗೆ ಹೋಗುವ ದಾರಿಯಲ್ಲಿ ಸೇರಿಕೊಂಡ ಐನೂರು. ಅಳಿಯನ ಪಂಚೆಯನ್ನು ಅಂಗಡಿಗೆ ವಾಪಸು ಕೊಟ್ಟು ಮೇಲೆ ಹಣ ಹಾಕಿ ತಂದ ಜರಿಯಂಚಿನದು. ಮಗನ ಕಾಲೇಜು ಪ್ರವಾಸ. ಆ ವರ್ಷದ ಡೈರಿಯಲ್ಲಿ ಅದಕ್ಕೆ 'ಅನಗತ್ಯ, ತಿರಸ್ಕರಿಸಲಾಗಿದೆ' ಎಂಬ ಷರಾ ಇದೆ, ಆಲ್ಬಮ್ಮಿನಲ್ಲಿ ಅವನು ಜೋಗದ ಮುಂದೆ ನಿಂತ ಫೋಟೋ ಇದೆ. ಎರಡನ್ನೂ ರಾಯರು ಎಷ್ಟೋ ಸಲ ನೋಡಿದ್ದರು. ಎರಡೂ ದಾಖಲೆ ತಾಳೆಯಾಗುವುದಿಲ್ಲ ಎಂದು ಹೊಳೆದದ್ದು ಆವತ್ತೇ.

ಆಕೆಯೂ ಲೆಕ್ಕ ಬರೆಯುವವರೇ. ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಸೊನ್ನೆ, ಹೆಚ್ಚು ಹಾಕಿಸಿಕೊಂಡ ದಿನಕ್ಕೆ ಗೀಟು, ಸಿಲಿಂಡರು ಹಚ್ಚಿದ ದಿನಕ್ಕೆ ಒಂದು ಬೊಟ್ಟು, ಇಸ್ತ್ರಿಗೆ ಹೋದ ಬಟ್ಟೆಯ ಸಂಖ್ಯೆ. ತಿಂಗಳು ಮುಗಿದರೆ ಹಾಳೆ ಹರಿದು ಡಬ್ಬಿಗಳ ಕೆಳಗೆ ಹಾಸುತ್ತಾರೆ, ಇಲ್ಲವೇ ಮೊಮ್ಮಗಳ ಪುಸ್ತಕಕ್ಕೆ ಹೊದಿಕೆ. ಹೋದ ತಿಂಗಳು ಎಷ್ಟು ಹಾಲು ಬಂತು ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಹಾಲಿನವನು ಮಾತ್ರ ಅವರಿಗೆ ಮೋಸ ಮಾಡಿದ್ದು ನಾನು ಕಾಣೆ.

ಹಣವೇನೋ ಬ್ಯಾಂಕಿನ ಸಾಲಿನಲ್ಲಿ ನಿಂತು ಜಮಾ ಆಯಿತು. ಆದರೆ ರಾಯರ ದಫ್ತರಕ್ಕೆ ಕಳಂಕ ತಗುಲಿತ್ತು. ಮದುವೆಯಾದ 1979ರಿಂದ 'ಮನೆ ಖರ್ಚು' ಎಂದು ಬರೆದ ಪ್ರತಿ ಬಾಬ್ತೂ ಈಗ ಸಂಶಯಾಸ್ಪದ. ಆದ್ದರಿಂದ ಮರುಪರಿಶೀಲನೆ ಶುರುವಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ರಾಯರು ಒಂದು ಹಳೆಯ ಡೈರಿ ಮತ್ತು ಕೆಂಪು ಮಸಿಯ ಪೆನ್ನು ಹಿಡಿದು ಕೂರುತ್ತಾರೆ. ಎದುರಿಗೆ ಹುರುಳಿಕಾಯಿ ನಾರು ಬಿಡಿಸುತ್ತ ಹೆಂಡತಿ.

"ಮೇ ತಿಂಗಳು, ಮುನ್ನೂರು ಕೊಟ್ಟಿದ್ದೆ. ಉಳಿಸಿದ್ದೆಷ್ಟು?"

"ಮೇ ಅಂದ್ರೆ ಹಪ್ಪಳ ಸಂಡಿಗೆ ಕಾಲ. ಹದಿನೆಂಟು ಅಂತ ಬರ್ಕೊಳಿ."

ರಾಯರು ಬರೆದುಕೊಳ್ಳುತ್ತಾರೆ. 'ಷರಾ: ರೂ. 18 ಉಳಿಕೆ, ಕಕ್ಷಿದಾರರ ಹೇಳಿಕೆ ಮೇರೆಗೆ.' ಆಮೇಲೆ ಜೂನ್. ಇಷ್ಟು ವರ್ಷಗಳ ವಿಚಾರಣೆ ಈಗ 1991ರವರೆಗೆ ಬಂದಿದೆ. ನಡುವೆ ತಕರಾರು ಎದ್ದ ತಿಂಗಳುಗಳನ್ನು ಕಾಯ್ದಿರಿಸಲಾಗಿದೆ.

ಮೊನ್ನೆ ರಾಯರು ಒಳಗೆ ಕನ್ನಡಕ ಹುಡುಕುತ್ತಿದ್ದಾಗ ಅವರ ಹೆಂಡತಿಯನ್ನು ಕೇಳಿದೆ, "ಅಷ್ಟು ಹಿಂದಿನದು ಅದು ಹೇಗಮ್ಮ ನೆನಪಿಟ್ಟುಕೊಂಡಿದ್ದೀರಿ?"

"ನೆನಪೆಲ್ಲಿ ಬಂತಪ್ಪ, ಬಾಯಿಗೆ ಬಂದಿದ್ದು ಹೇಳ್ತೀನಿ" ಎಂದರು. ಆಮೇಲೆ ಒಳಗಿನ ಸದ್ದು ಕೇಳಿಕೊಂಡು, ದನಿ ತಗ್ಗಿಸಿ, "ಕೊನೆಗೆ ಕೂಡಿದಾಗ ಆ ಡಬ್ಬಿಯಲ್ಲಿ ಸಿಕ್ಕಿದ್ದಕ್ಕೆ ಸರಿಯಾಗಿ ತಾಳೆ ಆಗಬೇಕು, ಅಷ್ಟೇ. ಕಮ್ಮಿ ಬಿತ್ತು ಅಂದ್ರೆ ಇನ್ನೊಂದು ಡಬ್ಬಿ ಹುಡುಕೋಕೆ ನಿಂತುಬಿಡ್ತಾರೆ" ಎಂದು ಮೆಂತ್ಯದ ಡಬ್ಬಿಯನ್ನು ಎತ್ತಿ ಮೇಲಿನ ಗೂಡಿಗೆ ಇಟ್ಟರು.